‘ಐದು ಬು’ ಎಂದರೆ ಎಷ್ಟು?

“ಹತ್ತು–ಎಂಟು,” ಎಂದರು ಕಾಕಿನುಮಾ. ನೆಲದ ಮೇಲೆ ಉರುಳಿದ್ದ ಚೆಂಡನ್ನು ಹೆಕ್ಕಿ ಹತ್ತಿಯ ನಿಲುವಂಗಿಯ ತೋಳಿಗೆ ಒರೆಸಿಕೊಂಡರು. “ಇನ್ನೊಂದು ಪಾಯಿಂಟು ಬಂದ್ರೆ ಆಟ ನಂದು. ಆಟ ಮುಗಿದ ಮೇಲೆ ಪ್ರಶ್ನೆ ಕೇಳೋ ಹಾಗಿಲ್ಲ, ಕಾಫಿಯಂಗಡಿಯವರೇ.”

“ಅದಕ್ಕೇ ಸೋಲ್ತಾ ಇಲ್ಲ ನಾನು,” ಎಂದಳು ಸುಮಿಯೆ.

ಬಿಸಿನೀರಿನ ಬುಗ್ಗೆಯ ತಂಗುಮನೆಗಳಲ್ಲಿ ಸ್ನಾನದ ಕೋಣೆಯ ಪಕ್ಕ ಪಿಂಗ್‌ಪಾಂಗ್ ಮೇಜು ಇರಲೇಬೇಕೆಂದು ಯಾರು ವಿಧಿಸಿದರೋ, ‘ಸಗಿನೊಯು’ದಲ್ಲೂ ಇತ್ತು. ಕಿಟಕಿಯಿಂದ ಗಂಧಕದ ವಾಸನೆ ಬರುತ್ತಿತ್ತು. ಮೂಲೆಯ ಬೆಂಚಿನ ಮೇಲೆ ಟೋಫು ಅಂಗಡಿಯ ಯಜಮಾನರು ರಾತ್ರಿಯ ಕುಡಿತವನ್ನು ಬಾಯಿ ತೆರೆದ ಗೊರಕೆಯಲ್ಲಿ ಹೊರಹಾಕುತ್ತ ಮಲಗಿದ್ದರು. ಅವರನ್ನು ಸಾಕ್ಷಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಬೆಳಗಿನ ತಿಂಡಿಯ ಹೊತ್ತಿಗೆ ಸಂಗತಿ ಎಲ್ಲರ ಕಿವಿಗೂ ಬಿದ್ದಿತ್ತು: ಕಾಜಿಯಾ ಬೀದಿಯ ವರ್ತಕರ ಸಂಘ ವರ್ಷಾಂತ್ಯದ ಮೋಜಿಗೆಂದು ಹೋದ ತಿಂಗಳೇ ತಂಗುಮನೆಗೆ ಕಳಿಸಿದ್ದ ಮುಂಗಡದಲ್ಲಿ ದೊಡ್ಡ ಪಾಲು ಕಾಣೆ, ಪ್ರವಾಸದ ಹೊಣೆ ಹೊತ್ತಿದ್ದ ಅಕ್ಕಿಯಂಗಡಿಯ ನೆಜು ಮೊರಿಹಿಕೊ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ.

“ನೂರಕ್ಕೆ ನಲವತ್ತೈದು!” ಎಂದು ಸಂಘದ ಅಧ್ಯಕ್ಷ, ಮೀನಂಗಡಿಯ ಒಗಿಸೊ, ಉಪ್ಪಿನಕಾಯಿ ಅಗಿಯುತ್ತಲೇ ಗುಡುಗಿದ್ದರು. “ತಂಗುಮನೆ ಬಿಲ್ಲಲ್ಲಿ ನೂರಕ್ಕೆ ನಲವತ್ತೈದು ಮಾಯ!”

ಎಷ್ಟು ಯೆನ್ ಎಂದು ಎಲ್ಲರೆದುರು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪರರ ಮನೆಯಲ್ಲಿ ಮೊತ್ತದ ಹೆಸರೆತ್ತುವುದು ಒರಟುತನ. ಪಾಲಿನ ಮಾತಾಡಿದರೆ ಅದು ಸಭ್ಯತೆ. ಕಾಜಿಯಾ ಬೀದಿಯವರು ಕಳ್ಳತನವನ್ನೂ ಸಭ್ಯವಾಗಿ ಮಾತಾಡಬಲ್ಲವರು.

ಒಗಿಸೊ ಸುಮಿಯೆಗೆ ಕೊಟ್ಟ ಗಡುವು ಚಿಕ್ಕದು. “ಈ ವರ್ಷ ಸಂಘದ ಲೆಕ್ಕ ನೋಡೋರು ನೀವು. ಬಸ್ಸು ಬರೋದ್ರೊಳಗೆ ಏನಾದ್ರೂ ಗೊತ್ತಾದ್ರೆ ಹೇಳಿ. ಇಲ್ಲಾಂದ್ರೆ ಬಸ್ಸಲ್ಲಿ ಮೈಕು ತಗೊಂಡು ನಾನೇ ಹೇಳ್ತೀನಿ.”

ಆ ಮೈಕಿನಲ್ಲಿ ಒಗಿಸೊ ಏನು ಹೇಳುತ್ತಾರೆಂಬುದು ಸುಮಿಯೆಗೆ ಗೊತ್ತಿತ್ತು. ಹೇಳಿದ ಮೇಲೆ ನೆಜುವಿಗೆ ಏನಾಗುತ್ತದೆಂಬುದೂ ಗೊತ್ತಿತ್ತು. ಮೀನಂಗಡಿಗೆ ಗಿರಾಕಿ ಹೋಗುತ್ತಾನೆ. ಅಕ್ಕಿಯಂಗಡಿಯವನು ಗಿರಾಕಿಯ ಮನೆಗೆ ಬರುತ್ತಾನೆ. ಬರುವುದಷ್ಟೇ ಅಲ್ಲ, ಒಂಟಿ ಮುದುಕಿಯರ ಅಡುಗೆಮನೆಯ ತನಕ ಹೋಗಿ, ಅಕ್ಕಿಯ ಡಬ್ಬ ತುಂಬಿಸಿ, ಮೇಲಿನ ಕಪಾಟಿನಿಂದ ಪಾತ್ರೆ ಇಳಿಸಿಕೊಟ್ಟು, ಕೀಲಿಯನ್ನು ಹೂಕುಂಡದ ಕೆಳಗಿಟ್ಟು ಹೊರಡುತ್ತಾನೆ. ಆ ಕೀಲಿ ಎಲ್ಲಿರುತ್ತದೆಂದು ಬೀದಿಯಲ್ಲಿ ನೆಜು ಒಬ್ಬರಿಗೇ ಗೊತ್ತು. ಇವತ್ತು ಆ ಮನುಷ್ಯನಿಗೆ ಕಳ್ಳನೆಂದು ಹೆಸರು ಬಂದರೆ ನಾಳೆ ಕಾಜಿಯಾ ಬೀದಿಯ ಎಲ್ಲ ಹೂಕುಂಡಗಳೂ ಜಾಗ ಬದಲಿಸುತ್ತವೆ. ಆಮೇಲೆ ಅಂಗಡಿಯ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು.

ಉಕಿತಾ ಸುಮಿಯೆ ಕಾಫಿಯಂಗಡಿ ಇಡುವ ಮುನ್ನ ಬಹುಕಾಲ ಬೆಂಕಿ ವಿಮೆಯ ಕಂಪನಿಯೊಂದರಲ್ಲಿ ಸುಟ್ಟ ಮನೆಗಳ ಬೂದಿ ಕೆದಕಿದವಳು. ಬೂದಿ ಸುಳ್ಳು ಹೇಳುವುದಿಲ್ಲವೆಂದು ಜನ ನಂಬುತ್ತಾರೆ. ಹೇಳುತ್ತದೆ; ಆದರೆ ನಿಧಾನವಾಗಿ, ಕೇಳುವವರ ಮುಖ ನೋಡಿಕೊಂಡು. ಮನುಷ್ಯರ ವಿಷಯದಲ್ಲೂ ಅವಳ ಅಭಿಪ್ರಾಯ ಹೆಚ್ಚುಕಡಿಮೆ ಅದೇ.

ಚೆಂಡು ಬಂತು. ಅವಳು ಹಿಂದಕ್ಕೆ ಅಟ್ಟಿದಳು.

“ಮುಂಗಡದ ಕವರು ನಿಮ್ಮ ಕೈಗೆ ಕೊಡುವಾಗ ನೆಜು-ಸಾನ್ ಏನಂದ್ರು?”

ಟಕ್. “‘ಐದು ಬು ಮುಂಗಡ, ಯಜಮಾನಿಗೆ ತಲುಪಿಸಿಬಿಡಿ’ ಅಂದ್ರು. ಮೊಣಕಾಲು ನೋವಿಗೆ ತಿಂಗಳಿಗೊಂದ್ಸಲ ಈ ನೀರಿಗೆ ಬರ್ತೀನಲ್ಲ, ಹೆಂಗೂ ಹೋಗ್ತಿದೀರಿ ಅಂತ.”

ಟಕ್. “ನೀವು ಯಜಮಾನಿಗೆ ಏನಂದ್ರಿ?”

“ಅದನ್ನೇ. ‘ಐದು ಬು ಮುಂಗಡ, ಅಕ್ಕಿಯಂಗಡಿಯವರು ಕಳಿಸಿದಾರೆ’. ಗಲ್ಲಾ ಮುಂದಿರೋ ತಟ್ಟೇಲಿ ಇಟ್ಟು ಸ್ನಾನಕ್ಕೆ ಹೋದೆ. ನಾನು ಬರೀ ಅಂಚೆಯವನಿದ್ದ ಹಾಗೆ. ಅಂಚೆಯವನು ಕಾಗದ ಓದ್ತಾನೇನ್ರೀ?”

“ರಸೀದಿ?”

“ಎಷ್ಟೋ ವರ್ಷದಿಂದ ಬರ್ತಿರೋ ಮನೇಲಿ ರಸೀದಿ ಕೇಳೋದಾ? ನನ್ನ ಮುಖದ ಮೇಲೆ ಏನಾದ್ರೂ ಬರೆದಿದೆಯಾ, ನಾಚಿಕೆಗೇಡಿ ಅಂತ?”

“ನಿಮ್ಮ ಲೆಕ್ಕದಲ್ಲಿ ಐದು ಬು ಅಂದ್ರೆ ಎಷ್ಟು?”

“ನೂರಕ್ಕೆ ಐದು.” ಕಾಕಿನುಮಾ ನಿವೃತ್ತರಾಗುವ ತನಕ ಸಹಕಾರಿ ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡಿಕೊಂಡವರು. “ಐದು ಬು ಬಡ್ಡಿ ಅಂತ ಕಾಗದಕ್ಕೆ ಮುದ್ರೆ ಒತ್ತಿಸ್ಕೊಂಡು ಅರ್ಧಕ್ಕರ್ಧ ವಸೂಲಿ ಮಾಡಿದ್ರೆ ಜನ ನನ್ನ ಹೊಳೆಗೆ ತಳ್ಳಿರೋರು.”

ಟಕ್, ಟಕ್.

“ಹಂಗಾದ್ರೆ ನಿನ್ನೆ ರಾತ್ರಿ ಊಟ ಸಾಕು ಅಂತ ಕೈ ಅಡ್ಡ ಹಿಡಿದು ‘ಹೊಟ್ಟೆ ಎಂಟು ಬು ತುಂಬಿದೆ’ ಅಂದ್ರಲ್ಲ, ನೂರಕ್ಕೆ ಎಂಟೇ ತುಂಬಿತ್ತಾ?”

ಕಾಕಿನುಮಾ ನಕ್ಕುಬಿಟ್ಟರು, ಚೆಂಡನ್ನು ಮಾತ್ರ ಬಿಡಲಿಲ್ಲ. “ಊಟದ ಬು ಬೇರೆ, ದುಡ್ಡಿನ ಬು ಬೇರೆ. ಇದು ಮಕ್ಕಳಿಗೂ ಗೊತ್ತು.”

ಗೊತ್ತು, ಎಲ್ಲರಿಗೂ ಗೊತ್ತು, ಅದೇ ತೊಂದರೆ ಎಂದು ಸುಮಿಯೆ ಯೋಚಿಸಿದಳು. ಬು ಎಂಬುದು ಈ ಭಾಷೆಯ ಹಗಲುವೇಷದವನು. ಚೆರ್ರಿ ಮರ ಐದು ಬು ಅರಳಿತೆಂದರೆ ಅರ್ಧ ಅರಳಿತು. ಏಳು ಬು ತೋಳಿನ ಅಂಗಿಯೆಂದರೆ ಮೊಣಕೈ ದಾಟಿದ ಅಂಗಿ. ಅದೇ ಬು ಬ್ಯಾಂಕಿನ ಮೆಟ್ಟಿಲು ಹತ್ತಿತೆಂದರೆ ಕುಗ್ಗಿ ತನ್ನದೇ ಹತ್ತರಲ್ಲೊಂದು ಪಾಲಾಗುತ್ತದೆ. ಊಟದಲ್ಲಿ ಹತ್ತಕ್ಕೊಂದು, ಸಾಲದಲ್ಲಿ ನೂರಕ್ಕೊಂದು.

ಅಕ್ಕಿ? ಅಕ್ಕಿಗೂ ಬು ಇದೆ. ನೆಜುವಿನ ಅಂಗಡಿಯ ಮುಂದೆ ಗಿರಣಿ ಗೊಣಗುತ್ತಿರುತ್ತದೆ. ಗಿರಾಕಿ ಬಂದು “ಐದು ಬು ಮಾಡಿಕೊಡಿ” ಎಂದರೆ ತೌಡನ್ನು ಅರ್ಧ ತೆಗೆದು ಅರ್ಧ ಉಳಿಸುವುದು. ಅಪ್ಪನ ಕಾಲದಿಂದ ಆ ಮಾತು ಕೇಳಿದ ಕಿವಿ ಅವರದು. ಆ ಕಿವಿಗೆ ಐದು ಬು ಎಂದರೆ ಅರ್ಧ. ತಲೆಗೆ ತೆರಿಗೆ ಸೇರಿ ಇಪ್ಪತ್ತು ಸಾವಿರ ಯೆನ್‌ನಂತೆ ಇಪ್ಪತ್ತು ಜನಕ್ಕೆ ನಾಲ್ಕು ಲಕ್ಷ. ಅದರ ಅರ್ಧ ಎರಡು ಲಕ್ಷ. “ಹತ್ತು ಸಾವಿರದ ಇಪ್ಪತ್ತು ನೋಟು ಇಟ್ಟೆ” ಎಂದು ನೆಜು ರಾತ್ರಿ ಸುಮಿಯೆಯೊಬ್ಬಳಿಗೇ ಮೆತ್ತಗೆ ಹೇಳಿದ್ದರು. “ಎರಡೇ ನೋಟು ಬಂದದ್ದು” ಎಂದು ತಂಗುಮನೆಯ ಯಜಮಾನಿ ಫುಮಿನೋ ಆಮೇಲೆ ಬೇರೆಯಾಗಿ, ಅಷ್ಟೇ ಮೆತ್ತಗೆ ಹೇಳಿದ್ದಳು. “ಐದು ಬು ಅಂದ್ರಲ್ಲ, ನಾಲ್ಕು ಲಕ್ಷಕ್ಕೆ ನೂರಕ್ಕೆ ಐದರಂತೆ ಇಪ್ಪತ್ತು ಸಾವಿರ, ಸರಿಹೋಯ್ತು ಅಂದ್ಕೊಂಡೆ.”

ಎರಡು ಮಾತೂ ತಮ್ಮ ತಮ್ಮ ಮನೆಯಲ್ಲಿ ಸರಿ. ನಡುವೆ ಒಂದು ಲಕ್ಷ ಎಂಬತ್ತು ಸಾವಿರ ಮಾಯ.

“ನೆಜು-ಸಾನ್ ದುಡ್ಡು ಹೊಡೆಯೋ ಮನುಷ್ಯ ಅಂತ ನಿಮಗೆ ಅನ್ಸುತ್ತಾ?”

“ಯಾರ ಬಗ್ಗೆಯೂ ಹಂಗೆ ಅನ್ಸಲ್ಲ. ಅದಕ್ಕೇ ಬ್ಯಾಂಕುಗಳು ಮುಳುಗೋದು.”

ಸುಮಿಯೆಗೆ ನವೆಂಬರಿನ ಸಭೆ ನೆನಪಾಯಿತು. ಇಂಥ ಪ್ರವಾಸದ ಹೊಣೆ ಹೊರುವವನಿಗೆ ಕಂಜಿ ಎಂದು ಹೆಸರು. ಊರಿಗೆಲ್ಲ ಮೃಷ್ಟಾನ್ನ ಹೊಂದಿಸಿ ಕಂಜಿಗೆ ಉಳಿಯುವುದು ಗಂಜಿ. ಆದ್ದರಿಂದ ಯಾರೂ ಆ ಪಟ್ಟ ಕೇಳಿ ಪಡೆಯುವುದಿಲ್ಲ. ನೆಜು ಮಾತ್ರ ಅದನ್ನು ಹಬ್ಬದ ಅಡುಗೆಯಂತೆ ಮಾಡಿದ್ದರು. ಮೇಜಿನ ಮೇಲೆ ಒಂದು ಸೇರು ಅಕ್ಕಿ ಸುರಿದು, ಅಂಗೈಯಂಚಿನಿಂದ ಪಾಲು ಮಾಡಿ ತೋರಿಸಿದ್ದರು: “ಇದು ಒಟ್ಟು ಐದು ಲಕ್ಷ. ನೂರಕ್ಕೆ ಎಂಬತ್ತು ತಂಗುಮನೆಗೆ. ಬಸ್ಸಲ್ಲಿ ಬಿಯರು, ಆಟದ ಬಹುಮಾನ, ನೂರಕ್ಕೆ ಹದಿನಾಲ್ಕು. ಉಳಿದ ಆರು ಪಾಲು ಮೀಸಲು. ಇದನ್ನ ಮುಟ್ಟಬೇಡಿ.”

ಆಮೇಲೆ ಬಂದದ್ದು ಓರೆ ಹಂಚಿಕೆ: ಹಿರಿಯ ಐವರು ಸರಾಸರಿಗಿಂತ ನೂರಕ್ಕೆ ಇಪ್ಪತ್ತು ಹೆಚ್ಚು ಕೊಡುವುದು, ಹೊಸದಾಗಿ ಅಂಗಡಿ ಇಟ್ಟ ಐವರು ನೂರಕ್ಕೆ ಇಪ್ಪತ್ತು ಕಡಿಮೆ ಕೊಡುವುದು, ಮಿಕ್ಕವರು ಸರಾಸರಿ. ಹಿರಿಯರ ಸಾಲಿನಿಂದ ಒಗಿಸೊ ಎದ್ದಿದ್ದರು.

“ವಯಸ್ಸಾದೋರು ತಿನ್ನೋದು ಕಮ್ಮಿ. ನಮಗ್ಯಾಕೆ ಜಾಸ್ತಿ?”

“ಅಧ್ಯಕ್ಷರೇ,” ಎಂದಿದ್ದರು ನೆಜು ಅಕ್ಕಿಯ ಕಾಳೊಂದನ್ನು ರಾಶಿಗೆ ಸೇರಿಸುತ್ತ, “ಹಾಡೋ ಹೊತ್ತಲ್ಲಿ ನೂರಕ್ಕೆ ಅರವತ್ತು ಪಾಲು ಮೈಕು ನಿಮ್ಮ ಕೈಲೇ ಇರುತ್ತೆ. ಕೇಳೋ ನಮ್ಮ ಕಷ್ಟಕ್ಕೆ ಇಪ್ಪತ್ತು ಪಾಲು ಕೊಡಿ, ಸಾಕು.”

ಸಭೆ ನಕ್ಕಿತ್ತು. ಒಗಿಸೊ ಕೂತಿದ್ದರು. ಎಲ್ಲರೂ ಹೋದ ಮೇಲೆ ನೆಜು ಒಬ್ಬರೇ ಮೇಜಿನ ಸಂದಿಯ ಕಾಳುಗಳನ್ನು ಉಗುರಿನಿಂದ ತೆಗೆಯುತ್ತಿದ್ದುದನ್ನು ಸುಮಿಯೆ ನೋಡಿದ್ದಳು. ಅಂಥ ಮನುಷ್ಯ ಕದಿಯಲಾರ ಎಂದಲ್ಲ. ಕದ್ದರೆ ಇಷ್ಟು ಒರಟಾಗಿ ಕದಿಯುವುದಿಲ್ಲ.

ಅವಳು ಚೆಂಡನ್ನು ಮೆಲ್ಲನೆ ಆಚೆಗೆ ತಳ್ಳಿ, ಅಷ್ಟೇ ಮೆಲ್ಲನೆ ಕೇಳಿದಳು.

“ಕವರು ದಪ್ಪ ಇತ್ತಾ?”

ಚೆಂಡು ಕಾಕಿನುಮಾರ ಬ್ಯಾಟಿನ ಅಂಚಿಗೆ ತಾಗಿ, ಮಲಗಿದ್ದ ಟೋಫು ಅಂಗಡಿಯವರ ಹೊಟ್ಟೆಯ ಮೇಲೆ ಬಿತ್ತು. ಅವರು ಅದನ್ನು ನೊಣವೆಂದುಕೊಂಡು ತಟ್ಟಿದರು.

“ಹತ್ತು–ಒಂಬತ್ತು,” ಎಂದಳು ಸುಮಿಯೆ.

“ಆಟದ ಮಧ್ಯೆ ಮಾತಾಡಿಸಿದ್ರೆ ಹಿಂಗೇ ಆಗೋದು.”

“ಇಷ್ಟು ಹೊತ್ತು ಮಾತಾಡ್ತಾನೇ ಆಡಿದ್ರಿ. ಕವರು ಬಿಚ್ಚಲಿಲ್ಲ ಅಂತ ನಂಬ್ತೀನಿ, ಕಾಕಿನುಮಾ-ಸಾನ್. ಆದರೆ ಜನ್ಮವಿಡೀ ನೋಟು ಎಣಿಸಿದ ಬೆರಳು ನಿಮ್ದು. ಆ ಬೆರಳಿಗೆ ಕವರು ಬಿಚ್ಚೋ ಅಗತ್ಯ ಇಲ್ಲ.”

ಕಾಕಿನುಮಾ ಚೆಂಡು ತರಲು ಹೋಗಲಿಲ್ಲ. ಬ್ಯಾಟನ್ನು ಬಲೆಯ ಪಕ್ಕ ಇಟ್ಟು, ತಮ್ಮ ಬಲಗೈಯ ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

“ಇಪ್ಪತ್ತು,” ಎಂದರು. “ಹತ್ತೊಂಬತ್ತಲ್ಲ, ಇಪ್ಪತ್ತೊಂದಲ್ಲ. ಇಪ್ಪತ್ತು.”

“ಆಗ ಏನೂ ಅನ್ನಿಸಲಿಲ್ವಾ?”

“ಅನ್ನಿಸ್ತು. ಐದು ಬು ಅಂದ್ರೆ ಇಪ್ಪತ್ತು ಸಾವಿರ, ಎರಡು ನೋಟಿಗೆ ಇಷ್ಟು ದಪ್ಪ ಯಾಕೆ ಅಂತ. ಆಮೇಲೆ ನಾನೇ ಸಮಾಧಾನ ಮಾಡ್ಕೊಂಡೆ. ಅಕ್ಕಿಯಂಗಡಿ ಗಲ್ಲಾಪೆಟ್ಟಿಗೇಲಿ ಚಿಲ್ಲರೆ ನೋಟೇ ಜಾಸ್ತಿ ಇರುತ್ತೆ. ಸಾವಿರದ್ದು ಇಪ್ಪತ್ತು ಜೋಡಿಸಿರ್ತಾರೆ. ಸಾವಿರದ ಇಪ್ಪತ್ತು ಅಂದ್ರೂ ಇಪ್ಪತ್ತು ಸಾವಿರವೇ ಅಲ್ವಾ?”

ಲೆಕ್ಕ ಎಷ್ಟು ಅಚ್ಚುಕಟ್ಟಾಗಿ ಮೋಸ ಮಾಡಬಲ್ಲದು ಎಂದು ಸುಮಿಯೆಗೆ ಒಂದು ಕ್ಷಣ ಮೆಚ್ಚುಗೆಯೇ ಆಯಿತು. ಹತ್ತು ಸಾವಿರದ ಇಪ್ಪತ್ತು ನೋಟಾದರೆ ನೆಜುವಿನ ಐದು ಬು. ಸಾವಿರದ ಇಪ್ಪತ್ತಾದರೆ ಕಾಕಿನುಮಾರ ಐದು ಬು. ಬೆರಳಿಗೆ ಎರಡೂ ಒಂದೇ.

ಆದರೆ ಬೆರಳು ಮುಟ್ಟಿದ ಇಪ್ಪತ್ತು ನೋಟು ಯಾವ ಐದು ಬುವಿನಲ್ಲೂ ಎರಡಾಗುವುದಿಲ್ಲ. ಕವರಿನಲ್ಲಿ ಇಪ್ಪತ್ತು ನೋಟು ಹೋಗಿ, ಎರಡು ನೋಟು ಬಂತೆಂದು ಹೇಳುವವರು ಈ ತಂಗುಮನೆಯಲ್ಲೇ ಇದ್ದಾರೆ.

“ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಯಾರು ಉಳೀತಾರೆ, ನೋಡಿ. ಇಪ್ಪತ್ತಿತ್ತು ಅಂದ್ರೆ ಅಕ್ಕಿಯವರು ಪಾರು. ಉಳಿಯೋದು ನಾನು, ಯಜಮಾನಿ. ಆಯಮ್ಮ ಊರಿಗೆ ಬೇಕಾದೋಳು. ಗಂಡ ಸತ್ತ ಮೇಲೂ ಒಂದು ದಿನ ಬಾಗಿಲು ಮುಚ್ಚದೆ ಈ ಮನೆ ನಡೆಸಿದೋಳು. ನಾನು? ಭಾನುವಾರ ಕುದುರೆ ಜೂಜಿಗೆ ಹೋಗ್ತೀನಿ ಅಂತ ನಮ್ಮ ಬೀದಿ ಬೆಕ್ಕಿಗೂ ಗೊತ್ತು. ಅನುಮಾನ ಅರ್ಧ ಅರ್ಧ ಹಂಚ್ತಾರೆ ಅಂದ್ಕೊಂಡ್ರಾ? ಅದೂ ಓರೆ ಹಂಚಿಕೆನೇ. ಆಯಮ್ಮನಿಗೆ ನೂರಕ್ಕೆ ಹತ್ತು, ನನಗೆ ತೊಂಬತ್ತು.”

“ಈಗ ನೆಜು-ಸಾನ್‌ಗೆ ನೂರಕ್ಕೆ ನೂರು.”

ಕಾಕಿನುಮಾ ತಲೆ ತಗ್ಗಿಸಿದರು. ಮುದುಕರು ತಲೆ ತಗ್ಗಿಸಿದಾಗ ನೆತ್ತಿ ಕಾಣುತ್ತದೆ. ಅದನ್ನು ನೋಡಿದ ಮೇಲೆ ಬೈಯುವುದು ಕಷ್ಟ.

“ಬಸ್ಸು ಬರೋ ಮುಂಚೆ ಹೇಳ್ತೀರಾ?”

“ನೀವು ಮೊದಲು ಯಜಮಾನೀನ ಕೇಳಿ. ನಿಮ್ಮ ಮುಂದೆ ಆಯಮ್ಮ ಎರಡೇ ಅಂದ್ರೆ, ನಾನು ಇಪ್ಪತ್ತು ಅಂತೀನಿ. ಮಾತು ಕೊಟ್ಟೆ.”

“ಕುದುರೆ ಮೇಲೆ ಆಣೆ ಮಾಡಿ.”

“ಅಷ್ಟು ದೂರ ಬೇಡ,” ಎಂದರು ಕಾಕಿನುಮಾ. ಆದರೆ ಅವಳ ಹಿಂದೆ ಬಂದರು.

ಮುಂಬಾಗಿಲ ಪಡಸಾಲೆಯಲ್ಲಿ ಚೀಲಗಳು ಸಾಲಾಗಿ ಕೂತಿದ್ದವು, ಅವುಗಳ ಒಡೆಯರು ಅಷ್ಟು ನೆಟ್ಟಗೆ ಕೂತಿರಲಿಲ್ಲ. ಸಿಹಿ ಅಂಗಡಿಯ ಮುದುಕಿ ತೊಮೆ ಊರಿಗೆ ಕೊಂಡ ಬುಗ್ಗೆಯ ಮಂಜೂ ಎಂಬ ಹೂರಣದ ಸಿಹಿಗಳನ್ನು ಮೂಗಿಗೆ ಹಿಡಿದು, “ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತೀವಿ” ಎನ್ನುತ್ತಲೇ ಎರಡನೇ ಪೊಟ್ಟಣ ಕಟ್ಟಿಸುತ್ತಿದ್ದಳು. ಒಗಿಸೊ ಗೋಡೆಯ ಕನ್ನಡಿಯ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಫುಮಿನೋ ಗಲ್ಲಾದ ಹಿಂದೆ ನಿಂತಿದ್ದಳು. ಬೂದುಬಣ್ಣದ ಕಿಮೋನೊ, ಒಂದೂ ಕೂದಲು ಜಾಗ ಬಿಡದ ಗಂಟು. ಸುಮಿಯೆಯನ್ನು ನೋಡಿ ಬಾಗಿ ವಂದಿಸಿ, ಮಡಿಸಿದ ಬಿಲ್ಲಿನ ಹಾಳೆಯೊಂದನ್ನು ತಟ್ಟೆಯಲ್ಲಿಟ್ಟು ಮುಂದಕ್ಕೆ ಸರಿಸಿದಳು.

“ಲೆಕ್ಕ ನೋಡೋರು ನೀವು ಅಂತ ನಿಮಗೇ ಮೊದಲು ತೋರಿಸ್ತಿದೀನಿ. ಈಗಷ್ಟೇ ಕೂಡಿಸಿದ್ದು. ಅಧ್ಯಕ್ಷರೂ ನೋಡಿಲ್ಲ.”

ರಾತ್ರಿ ಗೊತ್ತುಪಡಿಸಿದ ಬಾಟಲಿಗಳು ಮುಗಿದ ಮೇಲೆ ಒಗಿಸೊ ಕೈ ತಟ್ಟಿ ತಟ್ಟಿ ತರಿಸಿದ ಮದ್ಯ ಅದರಲ್ಲಿ ಸೇರಿತ್ತು. ಅದರ ಹೆಸರೇ ಸಾಕೆ. ಸಾಕು ಎಂದವರು ಮಾತ್ರ ಯಾರೂ ಇರಲಿಲ್ಲ.

“ಇದಕ್ಕೇ ನಲವತ್ತು ಸಾವಿರ,” ಎಂದಳು ಸುಮಿಯೆ ಉಸಿರೆಳೆದುಕೊಂಡು. ನೆಜುವಿನ ಮೀಸಲು ಮೂವತ್ತು ಸಾವಿರವೇ ಇತ್ತು. ಒಟ್ಟು ನಾಲ್ಕು ಲಕ್ಷ ನಲವತ್ತು ಸಾವಿರ. ಅವಳು ಹಾಳೆ ಮಡಿಸಿದಳು.

“ಯಜಮಾನಿಯವರೇ, ಒಂದು ಮಾತು. ಆ ಕವರು ಬಿಚ್ಚಿದ್ದು ನೀವೇನಾ?”

ಎಷ್ಟು ನೋಟು ಎಂದು ಕೇಳುತ್ತಾಳೆಂದು ಫುಮಿನೋ ಸಿದ್ಧವಾಗಿದ್ದಳೆಂಬುದು ತುಟಿಯಿಂದಲೇ ತಿಳಿಯುತ್ತಿತ್ತು. ‘ಎರಡು’ ಎಂಬ ಮಾತು ಅಲ್ಲಿ ಬಂದು ನಿಂತಿತ್ತು. ಕೇಳಿದ್ದು ಬೇರೆಯಾದಾಗ ತುಟಿ ಖಾಲಿಯಾಯಿತು. ಅವಳ ಕಣ್ಣು ಒಂದು ಕ್ಷಣ ಗಲ್ಲಾದ ಹಿಂದಿನ ನೀಲಿ ಪರದೆಯ ಕಡೆ ಹೋಗಿ ಬಂತು. ಪರದೆಯ ಆಚೆ ಯಾರೋ ಪಾತ್ರೆ ಜೋಡಿಸುತ್ತಿದ್ದ ಸದ್ದು ನಿಂತಿತು.

“ತಿಂಡಿ... ನೆಜು-ಸಾನ್‌ಗೆ ಈಗ ತಾನೇ ತಿಂಡಿ ನಾನೇ ತಗೊಂಡು ಹೋಗಿದ್ದೆ. ಏನೂ ಮುಟ್ಟಲಿಲ್ಲ,” ಎಂದಳು. ಕೇಳಿದ ಪ್ರಶ್ನೆಗೂ ಕೊಟ್ಟ ಉತ್ತರಕ್ಕೂ ಸಂಬಂಧವಿಲ್ಲವೆಂದು ಸುಮಿಯೆ ಆಗ ಅಂದುಕೊಂಡಳು.

ಮಹಡಿಯ ಮೆಟ್ಟಿಲು ಕಿರುಗುಟ್ಟಿತು.

ನೆಜು ಇಳಿದು ಬರುತ್ತಿದ್ದರು. ಮುಖ ತೊಳೆದು, ತಲೆ ಬಾಚಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಕೊನೆಯ ಮೆಟ್ಟಿಲಿನ ಕೆಳಗೆ ಮೊಣಕಾಲೂರಿ, ಎರಡು ಕೈಯಿಂದ ಕವರೊಂದನ್ನು ನೆಲದ ಮೇಲಿಟ್ಟು, ಹಣೆ ಚಾಪೆಗೆ ತಾಗುವ ಹಾಗೆ ಬಾಗಿದರು.

“ತಪ್ಪಾಯ್ತು. ಮುಂಗಡದ ದುಡ್ಡು ತೆಗೆದೋನು ನಾನೇ. ಐದು ಬು ಅಂದ್ರೆ ನೂರಕ್ಕೆ ಐದು ಅಂತ ನನಗೆ ಗೊತ್ತಿತ್ತು. ಅರ್ಧ ಅಂತ ನಿಮಗೆಲ್ಲ ಲೆಕ್ಕ ತೋರಿಸಿ, ಐದು ಪಾಲು ಕಳಿಸಿ, ನಲವತ್ತೈದು ಇಟ್ಕೊಂಡೆ. ಎಲ್ಲಾ ಇದರಲ್ಲಿದೆ.”

ತೊಮೆ, ಮಂಜೂ ಪೊಟ್ಟಣವನ್ನು ಎದೆಗವಚಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ನಮ್ಮನೆ ಅಕ್ಕಿ ಡಬ್ಬ ಇನ್ಮೇಲೆ ನಾನೇ ತುಂಬಿಸ್ಕೋತೀನಪ್ಪ.”

ನೆಜುವಿನ ಬೆನ್ನು ಅಲುಗಿತು, ತಲೆ ಮೇಲೇಳಲಿಲ್ಲ.

ಸುಮಿಯೆ ತಿರುಗಿ ಕಾಕಿನುಮಾರನ್ನು ನೋಡಿದಳು. ಈಗ ಹೇಳಬೇಕಾದ ಹೊತ್ತು. ಕಾಕಿನುಮಾ ಬಾಯಿ ತೆರೆದರು. ಅವರ ಮುಖದಲ್ಲಿ ಮೊದಲು ಬೆರಗು, ಆಮೇಲೆ, ತಡೆಯಲಾರದೆ, ಬಿಡುಗಡೆ. ಬಾಯಿ ಮುಚ್ಚಿತು.

ಒಗಿಸೊ ಕವರು ಎತ್ತಿಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ ಎಣಿಸಿದರು. ಮೀನಿನ ಲೆಕ್ಕದಂತೆ ಗಟ್ಟಿಯಾಗಿಯೇ ಎಣಿಸಿದರು. ಸಭ್ಯತೆಯ ಕಾಲ ಮುಗಿದಿತ್ತು.

“ಒಂದು ಲಕ್ಷ ತೊಂಬತ್ತೆಂಟು ಸಾವಿರ.” ಮತ್ತೊಮ್ಮೆ ಎಣಿಸಿದರು. “ತೊಂಬತ್ತೆಂಟೇ. ನಾಲ್ಕು ಲಕ್ಷಕ್ಕೆ ನಲವತ್ತೈದು ಪಾಲು ಅಂದ್ರೆ ಒಂದು ಎಂಬತ್ತು ಬರ್ಬೇಕು. ಹದಿನೆಂಟು ಸಾವಿರ ಜಾಸ್ತಿ ಇದೆ!”

ಅವರ ದನಿ ತುಸು ಮೆತ್ತಗಾಯಿತು. “ಬಡ್ಡಿ ಸೇರಿಸಿದಾರೆ ಕಣ್ರೀ. ಸರಿಯಾಗಿ ನೂರಕ್ಕೆ ಹತ್ತು. ಕಳ್ಳ ಆದ್ರೂ ಮರ್ಯಾದಸ್ಥ.”

“ತಿಂಗಳಿಗೆ ನೂರಕ್ಕೆ ಹತ್ತಾ?” ಎಂದು ಕಾಕಿನುಮಾ ತಮಗೆ ತಿಳಿಯದೆಯೇ ಗೊಣಗಿದರು. “ಅಂಥ ಬಡ್ಡಿ ನಾನೂ ಯಾವತ್ತೂ ಹಾಕಿಲ್ಲ.”

ಬಡ್ಡಿಯಲ್ಲ, ಎಂದು ಸುಮಿಯೆಯ ತಲೆಯೊಳಗೆ ಅಂಕಿಗಳು ತಾವಾಗಿಯೇ ನಡೆಯತೊಡಗಿದವು. ಬೆಳಗಿನಿಂದ ಎಲ್ಲರ ಬಾಯಲ್ಲೂ ನೂರಕ್ಕೆ ನಲವತ್ತೈದು. ಯಾವುದರ ನೂರು ಎಂದು ಯಾರು ಕೇಳಿದರು? ನಾಲ್ಕು ಲಕ್ಷದ ನಲವತ್ತೈದು ಪಾಲು ಒಂದು ಲಕ್ಷ ಎಂಬತ್ತು ಸಾವಿರ. ಒಂದು ಲಕ್ಷ ತೊಂಬತ್ತೆಂಟು ಸಾವಿರ ಬರಬೇಕಾದರೆ ಮೊತ್ತ ನಾಲ್ಕು ಲಕ್ಷ ನಲವತ್ತು ಸಾವಿರ ಇರಬೇಕು. ರಾತ್ರಿಯ ಸಾಕೆ ಸೇರಿದ ಮೊತ್ತ. ಈಗಷ್ಟೇ ಕೂಡಿಸಿದ, ಅಧ್ಯಕ್ಷರೂ ನೋಡದ ಮೊತ್ತ.

ನಿನ್ನೆ ಕುಡಿದ ಮದ್ಯದ ಪಾಲನ್ನು ಹೋದ ತಿಂಗಳೇ ಕದ್ದ ಕಳ್ಳ ಇನ್ನೂ ಹುಟ್ಟಿಲ್ಲ.

ಈ ಕವರಿನ ನೋಟುಗಳನ್ನು ಎಣಿಸಿ ತುಂಬಿದ ಕೈಗೆ ಕಾಣೆಯಾದದ್ದು ಎಷ್ಟೆಂದು ಗೊತ್ತಿರಲಿಲ್ಲ. ನೂರಕ್ಕೆ ನಲವತ್ತೈದು ಎಂದಷ್ಟೇ ಗೊತ್ತಿತ್ತು. ಮುಂದೆ ಹೊಸ ಬಿಲ್ಲಿತ್ತು. ಅವಸರದಲ್ಲಿ ಅದಕ್ಕೇ ಪಾಲು ಹಾಕಿತು. ಹಾಗಾದರೆ ಆ ಕೈ ಕಳ್ಳನದೂ ಅಲ್ಲ. ಕಳ್ಳನಿಗಾಗಿ ತುಂಬಿಕೊಟ್ಟ ಕೈ.

ತಿಂಡಿಯ ತಟ್ಟೆಯ ಜೊತೆ ಮಹಡಿಗೆ ಏನು ಹೋಗಿತ್ತೆಂದು ಈಗ ತಿಳಿದ ಸುಮಿಯೆ ಗಲ್ಲಾದ ಕಡೆ ನೋಡಿದಳು. ಫುಮಿನೋ ಎರಡು ಕೈಯನ್ನೂ ಕಿಮೋನೊದ ತೋಳಿನೊಳಗೆ ಸೇರಿಸಿಕೊಂಡು, ನೆಲಕ್ಕೆ ಬಾಗಿದ ಆ ಬೆನ್ನನ್ನೇ ನೋಡುತ್ತಿದ್ದಳು. ಹಿಂದಿನ ನೀಲಿ ಪರದೆ, ಕವರು ಬಿಚ್ಚಿದವರು ಅದರ ಆಚೆಯೇ ನಿಂತಿರುವಂತೆ, ಗಾಳಿಯಿಲ್ಲದೆ ಅಲುಗಿತು.

ಹೊರಗೆ ಬಸ್ಸು ಹಾರನ್ ಹಾಕಿತು. ಒಗಿಸೊ ಕವರನ್ನು ಎದೆಯ ಜೇಬಿಗೆ ಸೇರಿಸಿ, “ಲೆಕ್ಕ ನೋಡೋರೇ, ಸರಿಯಿದೆ ಅಂತ ಹೇಳಿಬಿಡಿ, ಹೊರಡೋಣ,” ಎಂದರು.

ಪಡಸಾಲೆಯ ಎಲ್ಲರ ಕಣ್ಣು ಅವಳ ಕಡೆ ತಿರುಗಿತು. ಅವಳು ಬಾಯಿ ತೆರೆದಳು.

ನೆಜು ಆಗ ಮೊದಲ ಬಾರಿಗೆ ತಲೆಯೆತ್ತಿದರು. ಚಾಪೆಯ ಗೆರೆಗಳು ಹಣೆಯ ಮೇಲೆ ಮೂಡಿದ್ದವು. ಒಮ್ಮೆ ಗಲ್ಲಾದ ಕಡೆ, ಆಮೇಲೆ ಸುಮಿಯೆಯ ತುಟಿಯನ್ನೇ ನೋಡುತ್ತ, ಅವಳೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಹೇಳಿದರು:

“ಕೈ ಮುಗೀತೀನಿ, ಉಕಿತಾ-ಸಾನ್. ಈ ಲೆಕ್ಕ ಮಾತ್ರ ಬಾಯಿಬಿಟ್ಟು ಮಾಡಬೇಡಿ.”